ಹುಳುಮನೆಯ ಪಕ್ಕದ ಬಚ್ಚಲು

ಮಗು ಹುಟ್ಟಿದ ವಾರವೇ ಅಪ್ಪ ಶಿಡ್ಲಘಟ್ಟದಿಂದ ರೇಷ್ಮೆ ಮೊಟ್ಟೆಯ ಹಾಳೆಗಳನ್ನು ತಂದರು. ಹೀಗಾಗಿ ದಿಬ್ಬೂರಹಳ್ಳಿ ಹತ್ತಿರದ ನನ್ನ ತವರುಮನೆಯಲ್ಲಿ ಆ ವರ್ಷ ಎರಡು ಬಾಣಂತನ, ಒಂದು ನನ್ನದು, ಇನ್ನೊಂದು ಹುಳುಗಳದ್ದು. ಹೆಚ್ಚು ಉಪಚಾರ ಯಾರಿಗೆ ನಡೆಯಿತು ಎಂದು ಕೇಳಿದರೆ ನಾನು ಬಾಯಿ ಬಿಡುವುದಿಲ್ಲ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರಿಗೆ ಕರೆಂಟು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗೌರಿಬಿದನೂರಿನ ಗಂಡನ ಮನೆಯಲ್ಲಿ ನನಗೆ ಉಸಿರಾಡಲೂ ಬಿಡುವಿರುತ್ತಿರಲಿಲ್ಲ. ಇಲ್ಲಿ ನೋಡಿದರೆ ಕತ್ತಲೆ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಹೊರಳುವುದು, ಏಳುವುದು, ಬಾಗಿಲ ಸಂದಿಯಲ್ಲಿ ಇಣುಕುವುದು, ಬೈಸಿಕೊಂಡು ಮತ್ತೆ ಮಲಗುವುದು. ದಿನಕ್ಕೊಂದೇ ಸುಖವೆಂದರೆ ನೀರು. ನೆರೆಮನೆಯ ಅಜ್ಜಿ ಬಂದು ಮೈಗೆಲ್ಲ ಹರಳೆಣ್ಣೆ ತಿಕ್ಕಿ, ತಾಮ್ರದ ಹಂಡೆಯಲ್ಲಿ ಕಾದ ಸುಡುನೀರನ್ನು ಸೊಂಟಕ್ಕೆ ಬೀಸಿ ಬೀಸಿ ಹೊಯ್ಯುತ್ತಿದ್ದಳು. ಆ ನೀರಿಗೋಸ್ಕರ ಬೆಳಗಿನಿಂದ ಕಾಯುತ್ತಿದ್ದೆ.

ಮೂರನೇ ಜ್ವರ ಕಳೆದ ಮೇಲೆ ತೊಂದರೆ ಶುರುವಾಯಿತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಎದ್ದ ಹುಳುಗಳು ದಪ್ಪಗಾಗಿ, ಮೂಲೆಯ ಕೋಣೆ ಸಾಲದೆ, ಹುಳು ಸಾಕುವ ಬಿದಿರಿನ ತಟ್ಟೆಗಳು ನಡುಮನೆಯನ್ನೆಲ್ಲ ತುಂಬಿಕೊಂಡವು. ನಡುಮನೆಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ, ಅದೂ ಸೂರು ಮುಟ್ಟದ ಗೋಡೆ. ಹೊಗೆ ಹುಳುವಿಗೆ ಆಗಿಬರುವುದಿಲ್ಲ, ತಟ್ಟಿದರೆ ಮೇವು ಬಿಟ್ಟು ಸಾಯುತ್ತದೆ. ಅಪ್ಪ ಮೊದಲು ನನ್ನ ಸಾಂಬ್ರಾಣಿ ನಿಲ್ಲಿಸಿದರು, ಆಮೇಲೆ ಒಗ್ಗರಣೆ ನಿಲ್ಲಿಸಿದರು, ಅಡುಗೆಯನ್ನೇ ಹಿತ್ತಲಿಗೆ ಕಳಿಸಿದರು. ಕೊನೆಗೆ ಹಂಡೆಯ ಒಲೆಯ ಮುಂದೆ ನಿಂತು, ಇದಕ್ಕೂ ಏನಾದರೂ ಮಾಡಬೇಕು ಅಂದರು.

ಮಾಡಿದ್ದೇನೆಂದರೆ, ಚಿಂತಾಮಣಿಗೆ ಹೋಗಿ ಕರೆಂಟಿನ ಹೀಟರ್ ತಂದರು. ಚಿಕ್ಕಬಳ್ಳಾಪುರದ ನೆಂಟರ ಮನೆಯಲ್ಲಿ ನೋಡಿದ್ದರಂತೆ. ಹೊಗೆಯಿಲ್ಲ, ಬೂದಿಯಿಲ್ಲ, ಸ್ವಿಚ್ ಹಾಕಿದರೆ ನೀರು ಕಾಯುತ್ತದೆ. ಬಕೆಟ್ಟಿನಲ್ಲಿ ಇಳಿಬಿಡಿ, ಸ್ವಿಚ್ ಹಾಕಿದ ಮೇಲೆ ನೀರು ಮುಟ್ಟಬೇಡಿ ಎಂದು ಅಂಗಡಿಯ ಸಾಬರು ಹೇಳಿ ಹೇಳಿ ಕಳಿಸಿದ್ದರು. ಅಮ್ಮ ಆ ಸುರುಳಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಬೆಂಕಿ ಕಾಣದ ನೀರು ಬಾಣಂತಿ ಮೈಗೆ ಹತ್ತುವುದಿಲ್ಲ ಅಂದಳು. ಕರೆಂಟು ಮೇಲೋ ಸೌದೆ ಮೇಲೋ ಎಂದು ಇಬ್ಬರಿಗೂ ಊಟದ ಹೊತ್ತಿನಲ್ಲೂ ವಾದ. ಮೈ ನನ್ನದು, ನನ್ನನ್ನು ಮಾತ್ರ ಯಾರೂ ಕೇಳಲಿಲ್ಲ. ಕೊನೆಗೊಂದು ರಾಜಿಯಾಯಿತು. ಕಾಯಿಸುವುದು ಕರೆಂಟಿನಲ್ಲಿ, ಪಾತ್ರೆ ಮಾತ್ರ ಹಂಡೆಯೇ. ಬಕೆಟ್ಟಿನ ನೀರು ನೆಂಟರ ಕಾಲಿಗಾಯಿತು, ಬಾಣಂತಿ ನೀರು ಹಂಡೆಯದ್ದೇ ಆಗಬೇಕು ಎಂದು ಅಮ್ಮನ ಹಟ.

ಅಷ್ಟು ದೊಡ್ಡ ಹಂಡೆಗೆ ಆ ಪುಟ್ಟ ಸುರುಳಿ ಯಾವ ಮೂಲೆಗೆ? ಅಡ್ಡ ಕೋಲಿಗೆ ನೇತುಹಾಕಿ, ತಾಮ್ರಕ್ಕೆ ತಗುಲದಂತೆ ಕಾವಲು ನಿಂತು, ಅಪ್ಪ ಸ್ವಿಚ್ ಹಾಕಿದರು. ನಡುಮನೆಯ ಬಲ್ಬು ಕಂದಿತು. ಇನ್ನೇನು ಕಾದೀತು ಎಂದು ಅಜ್ಜಿ ನನಗೆ ಎಣ್ಣೆ ತಿಕ್ಕಿ ಮುಗಿಸಿದಳು. ನೀರು ಕಾಯಲಿಲ್ಲ. ಹಳೇ ಸೀರೆ ಸುತ್ತಿಕೊಂಡು ಮಣೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಅಪ್ಪ ಆಗಾಗ ಸ್ವಿಚ್ ತೆಗೆದು ಬೆರಳದ್ದಿ ನೋಡಿ, ಆಯಿತು ಅಮ್ಮಣ್ಣಿ, ಇನ್ನೇನು ಆಯಿತು ಎಂದು ನನಗೆ ಅನ್ನುವರು. ಕೋಣೆಯಲ್ಲಿ ಮಗು ಹಸಿದು ಅಳತೊಡಗಿತು. ಎದೆಯಲ್ಲಿ ಹಾಲು ಜಿನುಗುತ್ತಿದೆ, ಎಣ್ಣೆ ಮೈಯಲ್ಲಿ ಎತ್ತಿಕೊಳ್ಳುವ ಹಾಗಿಲ್ಲ. ನೀರು ಉಗುರುಬೆಚ್ಚಗಾಯಿತು ಅನ್ನುವಾಗ ಕರೆಂಟು ಹೋಯಿತು.

ಬೆಳಗಿನಿಂದ ಸೋನೆ ಹಿಡಿದಿತ್ತು. ಹಿತ್ತಲ ಒಲೆಯಲ್ಲಿ ನೀರು ನಿಂತಿತ್ತು. ನನಗೆ ಹಲ್ಲು ಕಟಕಟ ಅನ್ನಲು ಶುರುವಾಯಿತು. ಹಸಿ ಬಾಣಂತಿಗೆ ಶೀತ ಹಿಡಿದರೆ ಸನ್ನಿಯಾಗುತ್ತದೆ ಎಂದು ಅಜ್ಜಿ ತೆಲುಗಿನಲ್ಲಿ ಗೊಣಗಿದಳು. ಸನ್ನಿಗೆ ಹೋದ ಬಾಣಂತಿಯರನ್ನು ಅವಳು ಕಂಡಿದ್ದಳು. ಉಳಿದದ್ದು ಹಂಡೆಯ ಒಲೆಯೊಂದೇ. ಅಮ್ಮ ಬೆಂಕಿಪೊಟ್ಟಣ ತಂದಳು. ತಂದವಳು ಒಲೆಯ ಮುಂದೆ ಹಾಗೇ ನಿಂತುಬಿಟ್ಟಳು.

"ಒಲೆ ಹಚ್ಚೋದು ಬೇಡ. ಇವತ್ತೊಂದಿನ ಮೇದ್ರೆ ನಾಳೆ ಹಣ್ಣಾಗ್ತವೆ," ಎಂದಳು ಅಪ್ಪನಿಗೆ.

ಹುಳು ಹಣ್ಣಾಗುವುದೆಂದರೆ ಗೂಡು ಕಟ್ಟಲು ಸಿದ್ಧವಾಗುವುದು. ಸೌದೆ ಸೌದೆ ಎಂದು ಕುಣಿದವಳು ಅವಳೇ. ಆದರೆ ನಿದ್ದೆಗೆಟ್ಟು ಹೊತ್ತುಹೊತ್ತಿಗೆ ಸೊಪ್ಪು ಹಾಕಿ ಅವನ್ನು ಸಾಕಿದವಳೂ ಅವಳೇ. ಈಗ ನನಗೆ ಅದು ಅರ್ಥವಾಗುತ್ತದೆ. ಆಗ ಮೈಯೆಲ್ಲ ಉರಿದುಹೋಯಿತು. ಮದುವೆಯಾಗಿ ಹೋದವಳಿಗೆ ಈ ಮನೆಯಲ್ಲಿ ಹುಳುವಿನಷ್ಟೂ ಜಾಗವಿಲ್ಲ ಅನ್ನಿಸಿತು.

"ಹುಳಾನೇ ಇಟ್ಕೊಳ್ಳಿ. ನನ್ನ ನಮ್ಮನೆಗೆ ಕಳಿಸ್ಬಿಡಿ," ಅಂದೆ.

ಗೌರಿಬಿದನೂರನ್ನು ನಾನು ನಮ್ಮನೆ ಅಂದದ್ದು ಅದೇ ಮೊದಲು. ಅಮ್ಮ ಮುಖ ತಿರುಗಿಸಿಕೊಂಡಳು. ಅಪ್ಪ ಅವಳ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡು, ಹೀಟರನ್ನು ಎತ್ತಿ ಪಕ್ಕಕ್ಕಿಟ್ಟು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಪ್ಪುನೇರಳೆ ಕಡ್ಡಿ ಒಟ್ಟಿ ಹಚ್ಚಿದರು. ಒದ್ದೆ ಗೋಣಿಚೀಲಗಳನ್ನು ಗೋಡೆಯ ಮೇಲಿನ ಸಂದಿಗೆ ತುರುಕಿದರು. ಅಮ್ಮ ನಡುಮನೆಗೆ ಓಡಿ ಮೊರದಲ್ಲಿ ಗಾಳಿ ಬೀಸತೊಡಗಿದಳು. ಮಳೆಯ ಥಂಡಿಗೆ ಹೊಗೆ ಮೇಲೇಳದೆ ಸೂರಿನಡಿಯಲ್ಲೇ ಸುತ್ತಿತು. ನೀರು ಮರಳಿದ ಮೇಲೆ ಅಪ್ಪ ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಅಜ್ಜಿ ಹೊಯ್ಯಲು ಶುರುಮಾಡಿದಳು. ಹಣ್ಣಾಗುವ ಮುಂಚೆ ಹುಳು ಮೇಯುವ ಸದ್ದು ಗೋಡೆಯ ಈಚೆಗೂ ಕೇಳುತ್ತದೆ, ಸರಸರ ಎಂದು, ಬಿಡುವಿಲ್ಲದೆ. ಸೊಂಟಕ್ಕೆ ಬಿಸಿನೀರು ಬಿದ್ದು ನಾನು ಕಣ್ಣು ಮುಚ್ಚಿಕೊಂಡಿದ್ದಾಗ ಆ ಸದ್ದು ತಗ್ಗುತ್ತ ಬಂತು. ಆಮೇಲೆ ನಿಂತೇಹೋಯಿತು. ಅಮ್ಮನ ಮೊರವೂ ನಿಂತಿತು. ಅಜ್ಜಿ ಎತ್ತಿದ ಚೊಂಬನ್ನು ಹಾಗೇ ಹಿಡಿದು ಗೋಡೆಯ ಕಡೆ ನೋಡಿದಳು. ನನಗೆ ಅಳು ಒತ್ತರಿಸಿ ಬಂತು.

ಬಾಗಿಲಾಚೆಯಿಂದ ಅಪ್ಪನ ದನಿ ಕೇಳಿಸಿತು.

"ಯಾಕಜ್ಜಿ ನಿಲ್ಲಿಸ್ದೆ? ಹಾಕು. ಅಮ್ಮಣ್ಣಿಗೆ ಚಳಿ ಆಗುತ್ತೆ."