ಮಂಜಣ್ಣನ ಹೊಸ ಮೇಲ್

"ಇ-ಮೇಲಿಗೂ ದುಡ್ಡ್ ಕೊಡುಕಾ? ಊರೆಲ್ಲ ಪುಕ್ಕಟೆ ಬಳಸ್ತಿಲ್ಯಾ?"

ತ್ರಾಸಿಯ ಮಂಜಣ್ಣ ಮೂರು ಬೋಟುಗಳ ಮಾಲೀಕ. ಮೀನು ಕೊಳ್ಳುವ ಕಂಪನಿಗಳ ಜೊತೆ ಅವರ ದರದ ಮಾತೆಲ್ಲ ಮೇಲಿನಲ್ಲೇ. ಕಂಪ್ಯೂಟರ್ ರಿಪೇರಿಗೆ ಹೋದ ನಾನು, ಗುಟ್ಟು ಕಾಯುವ ಮೇಲ್ ತಗೊಳ್ಳಿ, ದುಡ್ಡು ಕೊಟ್ಟರೂ ನಷ್ಟವಿಲ್ಲ ಎಂದಿದ್ದಕ್ಕೆ ಅವರ ಮಾತಿದು.

ನಾನು ಅಷ್ಟಕ್ಕೆ ಬಿಡುವವನಲ್ಲ. "ಮೀನಿನ ಹಿಂಡು ಕಂಡ್ರೆ ವೈರ್‌ಲೆಸ್ಸಲ್ಲಿ ಜಾಗ ಹೇಳ್ತ್ರಿಯಾ?"

"ಹೇಳುಕುಂಟಾ ಮಾರಾಯ್ರೆ? ಬೇರೆ ಬೋಟಿನೋರು ಕೇಳ್ತ್ರ್. ನಮ್ಗೆ ನಮ್ದೇ ಗುಟ್ಟಿನ ಮಾತ್ ಇತ್ತ್."

"ಇ-ಮೇಲೂ ಹಾಂಗೇ. ಪುಕ್ಕಟೆ ಕೊಡುವವ್ನ ಕಣ್ಣು ನಿಮ್ಮ ವಿಷಯದ ಮೇಲೇ ಇರ್ತ್."

ಮಂಜಣ್ಣ ಫೋನ್ ತೆಗೆದು ಒಂದು ವರ್ಷದ ದುಡ್ಡು ಕಟ್ಟಿಯೇ ಬಿಟ್ಟರು. ಗೆದ್ದ ಖುಷಿಯಲ್ಲಿ, ಏನಾದರೂ ತೊಂದರೆಯಾದರೆ ಬರೆಯಿರಿ ಎಂದು ಮೇಲ್ ವಿಳಾಸವಿದ್ದ ನನ್ನ ಕಾರ್ಡು ಕೊಟ್ಟೆ. ಅವರು ಅದನ್ನು ದೂರ ಹಿಡಿದು, ನಿಧಾನವಾಗಿ ಓದಿದರು.

"ಹ್ವಾಯ್, ನಿಮ್ದು ಪುಕ್ಕಟೆ ಇ-ಮೇಲೇ ಅಲ್ದಾ? ನಾನ್ ಎಷ್ಟ್ ಗುಟ್ಟಲ್ಲಿ ಬರ್ದ್ರೂ, ಅದು ಬಂದ್ ಬೀಳುದು ಆ ಪುಕ್ಕಟೆ ಕೊಡುವವ್ನ ಕಣ್ಣೆದ್ರಿಗೇ ಅಲ್ದಾ?"

ಆ ದಿನ ತ್ರಾಸಿಯಲ್ಲಿ ಎರಡು ಹೊಸ ಮೇಲ್ ಖಾತೆ ತೆರೆದೆ. ಎರಡನೆಯದಕ್ಕೆ ದುಡ್ಡು ಕಟ್ಟಿದವನೂ ನಾನೇ, ಮಂಜಣ್ಣ ಪಕ್ಕದಲ್ಲಿ ನಿಂತು ನೋಡುತ್ತಿದ್ದಂತೆ.