ಹೊಳೆದಂಡೆಯ ಗುಂಡಿಯಲ್ಲಿ ಮೂರನೆಯ ಕೊಳವೆ

ಆ ಹೊಲಕ್ಕೆ ನಾವು ಹೋಗಿದ್ದು ಉಸುಕು ಹುಡುಕಿಕೊಂಡು. ಹೊಳೆ ಎಂದೋ ತಂದು ಬಿಟ್ಟು ಹೋದ, ಮೇಲೆ ಎರೆಮಣ್ಣು ಮುಚ್ಚಿಕೊಂಡ ಹಳೆಯ ಉಸುಕು.

ನಾನು ಬೈಲಹೊಂಗಲದವಳು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತ, ಮಲಪ್ರಭೆಯ ಹಿಂದಿನ ನೆರೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದೆ. ಈಚಿನ ದೊಡ್ಡ ನೆರೆಯಲ್ಲಿ ಹೊಳೆ ರಾಮದುರ್ಗದ ಓಣಿಗಳಿಗೆ ನುಗ್ಗಿದಾಗ, ಇಂಥ ನೀರು ಹಿಂದೆಂದೂ ಬಂದಿದ್ದಿಲ್ಲ ಎಂದು ಎಲ್ಲರೂ ಹೇಳಿದರು. ಮನುಷ್ಯರ ನೆನಪು ಎರಡು ಮೂರು ತಲೆಮಾರು ಹಿಂದೆ ಹೋದರೆ ಹೆಚ್ಚು. ಅದಕ್ಕೂ ಹಿಂದಿನದನ್ನು ಮಣ್ಣು ಅಗೆದೇ ನೋಡಬೇಕು. ಬಿಸಿಲಿಗೆ ಬಿದ್ದ ಉಸುಕಿನ ಕಾಳು ತನ್ನೊಳಗೆ ಕೂಡಿಟ್ಟ ಶಕ್ತಿಯನ್ನೆಲ್ಲ ಕಳೆದುಕೊಳ್ಳುತ್ತದೆ. ಮಣ್ಣಿನಡಿ ಹೂತು ಕತ್ತಲಾದ ಮೇಲೆ ಮತ್ತೆ ಸ್ವಲ್ಪ ಸ್ವಲ್ಪವೇ ಕೂಡಿಸುತ್ತ ಹೋಗುತ್ತದೆ. ಎಷ್ಟು ಕೂಡಿದೆ ಎಂದು ಅಳೆದರೆ, ಆ ಕಾಳು ಕೊನೆಯ ಸಲ ಸೂರ್ಯನನ್ನು ಕಂಡದ್ದು ಯಾವಾಗ, ಅಂದರೆ ನೆರೆ ಅದನ್ನು ಅಲ್ಲಿ ತಂದು ಹಾಕಿದ್ದು ಯಾವಾಗ ಎಂದು ಅಂದಾಜು ಸಿಗುತ್ತದೆ. ಆದರೆ ತೆಗೆಯುವಾಗ ಒಂದು ಕ್ಷಣ ಬೆಳಕು ತಗುಲಿದರೂ ಎಲ್ಲ ಹಾಳು. ಅದಕ್ಕೇ ಗುಂಡಿಯ ಗೋಡೆಗೆ ಉಕ್ಕಿನ ಕೊಳವೆ ಬಡಿದು, ತುಂಬಿದ ಕೊಳವೆಯನ್ನು ಹೊರಗೆ ಜಗ್ಗುತ್ತಲೇ ಬಾಯಿಗೆ ಕಪ್ಪು ಬಟ್ಟೆ ಬಿಗಿಯುತ್ತೇವೆ. ಈ ಹೊಲಕ್ಕೆ ಬರುವ ಹಿಂದಿನ ವರ್ಷ ಬೇರೊಂದು ಹಳ್ಳಿಯಲ್ಲಿ ಬಟ್ಟೆ ಸರಿಯಾಗಿ ಬಿಗಿಯದೆ ಒಂದಿಡೀ ಬೇಸಿಗೆಯ ಕೆಲಸವನ್ನು ನಾನೇ ಕೆಡಿಸಿದ್ದೆ. ಆ ನಾಚಿಕೆ ಇನ್ನೂ ಆರಿರಲಿಲ್ಲ.

ಹೊಲ ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ದಾರಿಯಲ್ಲಿ, ಹೊಳೆಯಿಂದ ಸಾಕಷ್ಟು ಮೇಲೆ ಇದ್ದ ದಿಬ್ಬದ ಮೇಲಿತ್ತು. ಒಡತಿ ಐವತ್ತೈದರ ಆಸುಪಾಸಿನ ಹೆಂಗಸು. ಬಡಕಲು ಮೈ, ಕಚ್ಚೆ ಹಾಕಿ ಉಟ್ಟ ಸೀರೆ. ಹರೆಯದಲ್ಲಿ ಗಂಡನ ಜೊತೆ ಊರೂರು ತಿರುಗಿ ಬಾವಿ ತೋಡಿದವಳು. ನಾನು ಅವಳನ್ನು ಅಕ್ಕಾರ ಎನ್ನುತ್ತಿದ್ದೆ, ಅವಳು ನನ್ನನ್ನು ಬಾಯಾರ ಎನ್ನುತ್ತಿದ್ದಳು, ಊರ ಸಾಲಿಯ ಮಾಸ್ತರಿಣಿಯರಿಗೆ ಅನ್ನುವ ಹಾಗೆ. ಜೋಳ ಕೊಯ್ದ ಮೇಲೆ ಗುಂಡಿ ತೆಗೆದುಕೊಳ್ಳಿ, ಮುಚ್ಚಿ ಹೋಗಿ ಎಂದಷ್ಟೇ ಕರಾರು ಹಾಕಿದ್ದಳು.

ಜೆಸಿಬಿ ತರಿಸಿ ಎರಡಾಳು ಆಳದ ಗುಂಡಿ ತೆಗೆಸಿದೆವು. ನಾವು ಹುಡುಕುತ್ತಿದ್ದದ್ದು ಸಿಕ್ಕೇಬಿಟ್ಟಿತು. ಎರೆಮಣ್ಣಿನ ನಡುನಡುವೆ ಮೂರು ಉಸುಕಿನ ಪದರ. ಒಂದು ತಳದಲ್ಲಿ, ಒಂದು ನಡುವೆ, ಇನ್ನೊಂದು ನೆಲದಿಂದ ಬರೀ ಒಂದು ಮೊಳ ಕೆಳಗೆ. ಅಂದರೆ ಮೂರು ಸಲವಾದರೂ ಹೊಳೆ ಈ ದಿಬ್ಬಕ್ಕೆ ಏರಿ ಬಂದಿತ್ತು.

ಗೋಡೆ ಕುಸಿಯದಂತೆ ಆನಿಸಲು ಯರಗಟ್ಟಿಯ ಕಟ್ಟಿಗೆ ಅಡ್ಡೆಗೆ ಹಲಗೆ, ಗಳ ಹೇಳಿದ್ದೆವು. ಅವು ಮರುದಿನ ಮುಂಜಾನೆ ಬರುವುದಿತ್ತು. ಆದರೂ ಮೇಲಿನ ಎರಡು ಪದರಗಳಿಗೆ ಏಣಿಯ ಮೇಲೆ ನಿಂತೇ ಕೊಳವೆ ಬಡಿದು ತೆಗೆದೆ. ಎರಡೂ ಚೆನ್ನಾಗಿ ಬಂದವು. ಉಳಿದದ್ದು ತಳದ ಪದರ.

ಅಷ್ಟರಲ್ಲಿ ಅಕ್ಕ ಬುತ್ತಿ ಹಿಡಿದು ಬಂದಳು. ಗುಂಡಿಯ ಅಂಚಿನಿಂದ ಎರಡು ಹೆಜ್ಜೆ ಹಿಂದೆ ನೆಲದಲ್ಲಿ ಕೂದಲೆಳೆಯಂಥ ಬಿರುಕೊಂದಿತ್ತು. ಅವಳು ಕುಕ್ಕರುಗಾಲಲ್ಲಿ ಕುಳಿತು ಜೋಳದ ದಂಟೊಂದನ್ನು ಅದರೊಳಗೆ ಇಳಿಬಿಟ್ಟಳು. ದಂಟು ಮೊಳಕಾಲುದ್ದ ಒಳಗೆ ಹೋಯಿತು.

"ನಿನ್ನಿ ಇದು ಇರಲಿಲ್ರಿ. ಅಗದ ಮಣ್ಣ ಬ್ಯಾರೆ ದಂಡಿಗೇ ಒಟ್ಟೀರಿ. ಇವತ್ತ ಇಳೀಬ್ಯಾಡ್ರಿ ಬಾಯಾರ" ಎಂದಳು.

ಸಂಶೋಧನೆಗೆ ನನಗೆ ಮಾರ್ಗದರ್ಶಕರಾಗಿದ್ದು, ಜೊತೆಗೆ ಬಂದಿದ್ದ ಸರ್ ಕೂಡ ಹಲಗೆ ಬರಲಿ, ನಾಳೆ ನೋಡೋಣ ಅಂದರು. ಅವರಿಗೆ ನಿವೃತ್ತಿಗೆ ಒಂದೇ ವರ್ಷವಿತ್ತು, ಎಂದೂ ಅವಸರ ಮಾಡಿದವರಲ್ಲ. ಬಿಸಿಲಿಗೆ ತಳದ ಉಸುಕು ಒಣಗಿ ಉದುರತೊಡಗಿದರೆ ಕೊಳವೆ ನಿಲ್ಲುವುದಿಲ್ಲ, ಐದು ನಿಮಿಷ ಸಾಕು ಎಂದು ನಾನೇ ಹಟ ಹಿಡಿದೆ. ನಾನು ಇಳಿದೆ. ಇದನ್ನು ನಾನು ಇಂದಿಗೂ ಬೇರೆಯವರ ತಲೆಗೆ ಕಟ್ಟಿಲ್ಲ.

ಕೊಳವೆ ಅರ್ಧ ಒಳಗೆ ಹೋಗಿತ್ತು. ಪ್ರತಿ ಪೆಟ್ಟಿಗೂ ಗೋಡೆಯಿಂದ ಜರಡಿ ಹಿಡಿದ ಹಾಗೆ ಸಣ್ಣ ಉಸುಕು ಸುರಿಯುತ್ತಿತ್ತು. ನೋಡಿಯೂ ಇನ್ನೆರಡು ಪೆಟ್ಟು ಹಾಕಿದೆ. ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿಚೀಲ ಕೆಳಗಿಟ್ಟಂಥ ಒಂದು ಸದ್ದು, ಬೆನ್ನಿಗೆ ಯಾರೋ ಜೋರಾಗಿ ನೂಕಿದಂತೆ ಆಯಿತು, ಅಷ್ಟೇ. ಕಣ್ಣು ಬಿಟ್ಟಾಗ ಎದೆಯ ತನಕ ಮಣ್ಣಿನಲ್ಲಿದ್ದೆ. ಎಡಗೈ ಕೊಳವೆಯ ಹತ್ತಿರವೇ ಹೂತಿತ್ತು. ಬಲಗೈಯಲ್ಲಿ ಸುತ್ತಿಗೆ ಹಾಗೇ ಇತ್ತು.

ಮೊದಲು ನೋವು ಗೊತ್ತಾಗಲಿಲ್ಲ. ಉಸಿರು ಬಿಟ್ಟೆ. ಬಿಟ್ಟಷ್ಟು ಜಾಗಕ್ಕೆ ಮಣ್ಣು ಇಳಿದು ಕೂತಿತು. ಮತ್ತೆ ಎಳೆದುಕೊಳ್ಳಲು ಹೋದರೆ ಮೊದಲಿನಷ್ಟು ಬರಲಿಲ್ಲ. ಭೂಮಿಯ ಬಗ್ಗೆ ಹದಿನೈದು ವರ್ಷ ಪಾಠ ಮಾಡಿದವಳಿಗೆ ಆಗ ನಿಜವಾದ ಹೆದರಿಕೆ ಹುಟ್ಟಿತು.

ಸರ್ ಏಣಿಗೆ ಕಾಲಿಟ್ಟಿದ್ದರು. ಅಕ್ಕ ಅವರ ರಟ್ಟೆ ಹಿಡಿದು ಹಿಂದಕ್ಕೆ ಜಗ್ಗಿದ್ದು ಕೆಳಗಿನಿಂದ ಕಾಣಿಸಿತು.

"ನೀವ ಇಳದ್ರ ಆ ಕಡಿ ಗ್ವಾಡಿನೂ ಬೀಳತೈತ್ರಿ. ಆಮ್ಯಾಲ ಇಬ್ಬರನ್ನ ತಗಿಯೂದು ನನ್ನ ಕೈಲಾಗೂದಿಲ್ಲ."

ಅವಳು ಪಕ್ಕದ ಉಳ್ಳಾಗಡ್ಡಿ ಹೊಲದವರನ್ನು ಕೂಗಿ ಕರೆದಳು. ಏಳೆಂಟು ಜನ ಸಲಿಕೆ ಬುಟ್ಟಿ ಹಿಡಿದು ಓಡಿ ಬಂದರು. ಇನ್ನೇನು ನನ್ನ ಕಡೆಗೆ ಅಗೆಯುತ್ತಾರೆ ಅಂದುಕೊಂಡೆ. ಆದರೆ ಯಾರೂ ಕೆಳಗೆ ಬರಲಿಲ್ಲ. ಮೇಲೆ ಸಲಿಕೆಯ ಸದ್ದು ಕೇಳುತ್ತಿತ್ತು, ಅದೂ ದೂರ ದೂರ ಸರಿಯುತ್ತಿತ್ತು. ನನ್ನನ್ನು ಬಿಟ್ಟು ಇವರು ಇನ್ನೇನೋ ಮಾಡುತ್ತಿದ್ದಾರೆ ಅನ್ನಿಸಿ ಕೂಗಿದೆ. ಕೂಗಿದ್ದಕ್ಕೆ ಇನ್ನಷ್ಟು ಉಸಿರು ಹೋಯಿತು.

ಅಂಚಿನಲ್ಲಿ ಅಕ್ಕನ ಮುಖ ಕಾಣಿಸಿತು. ಬಂಡಿಯ ಹಲಗೆಯೊಂದನ್ನು ಅಡ್ಡ ಹಾಕಿ ಅದರ ಮೇಲೆ ಹೊಟ್ಟೆ ಊರಿ ಮಲಗಿದ್ದಳು.

"ಒದರಬ್ಯಾಡ ತಂಗಿ. ದಂಡಿ ಮ್ಯಾಲಿನ ಭಾರ ತಗಿಯಾಕ ಹತ್ತೀವಿ. ಅದು ಇಳೀದ ನಿನ್ನ ಕಡೆ ಬರಾಕ ಆಗೂದಿಲ್ಲ. ಸಣ್ಣ ಸಣ್ಣ ಉಸರ ತಗೋ. ನನ್ನ ಮಾರಿನ ನೋಡ."

ಬಾಯಾರ ಹೋಗಿ ತಂಗಿ ಆಗಿದ್ದೆ. ಅವಳ ಮುಖವನ್ನೇ ನೋಡುತ್ತ, ನಾಯಿಯ ಹಾಗೆ ಸಣ್ಣದಾಗಿ ಉಸಿರಾಡಿದೆ. ನಾವು ಒಟ್ಟಿದ್ದ ಅಷ್ಟೂ ಮಣ್ಣನ್ನು ಅವರು ಬುಟ್ಟಿಯಲ್ಲಿ ಹೊತ್ತು ದೂರ ಚೆಲ್ಲುವ ತನಕ ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ನಡುವೆ ಒಮ್ಮೆ ಇಂಜಿನ್ನಿನ ಗುಡುಗು ಕೇಳಿ, ನನ್ನ ಕೊರಳ ಹತ್ತಿರದ ಉಸುಕು ತಾನೇ ಹರಿಯತೊಡಗಿತು. ಸರ್ ಫೋನು ಮಾಡಿ ಕರೆಸಿದ್ದ ಜೆಸಿಬಿ ವಾಪಸ್ಸು ಬರುತ್ತಿತ್ತು. ಅಕ್ಕ ಎದ್ದು ಹೋದಳು. ಅವಳು ಎದುರಿಗೆ ಓಡಿ ಹೋಗಿ ರಸ್ತೆಯಲ್ಲೇ ಇಂಜಿನ್ ಬಂದ್ ಮಾಡಲು ಹೇಳಿದಳಂತೆ. ಅದರ ಚಾಲಕ, ಒಂದೇ ಸಲ ಬಕೆಟ್ ಹಾಕಿ ಎತ್ತಿಬಿಡುತ್ತೇನೆ ಎಂದು ವಾದ ಮಾಡಿದ. ನೆಲ ನಡುಗಿದರೆ ಹೆಣ ಎತ್ತಬೇಕಾಗುತ್ತದೆ ಎಂದು ಅಕ್ಕ ಹೇಳಿದ ಮೇಲೆ ಇಂಜಿನ್ ನಿಂತಿತು. ಅವನೂ ಒಂದು ಸಲಿಕೆ ಹಿಡಿದುಕೊಂಡ.

ಹಲಗೆಗಳು ಯರಗಟ್ಟಿಯಲ್ಲಿದ್ದವು. ಅಕ್ಕ ತನ್ನ ತೋಟದ ಮನೆಯ ಎರಡು ಬಾಗಿಲು ಕಿತ್ತು ತರಿಸಿದಳು. ಅವನ್ನು ಹಗ್ಗ ಕಟ್ಟಿ ಇಳಿಬಿಟ್ಟು, ನನ್ನ ಎರಡೂ ಪಕ್ಕ ಗೋಡೆಗೆ ನಿಲ್ಲಿಸಿ, ನಡುವೆ ಎತ್ತಿನ ನೊಗವನ್ನೂ ಇಳಿಸಿ, ಮೇಲಿನಿಂದಲೇ ಉದ್ದನೆಯ ಕೋಲಿನಿಂದ ಬಡಿದು ಅಡ್ಡ ಬಿಗಿದರು. ಆಮೇಲೆ, ತನ್ನಷ್ಟು ಸಣ್ಣ ಮೈ ಯಾರದೂ ಇಲ್ಲ ಎಂದು ಅವಳೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದಳು. ಸಲಿಕೆ ಬೇಡವೆಂದು ಊಟದ ತಾಟಿನಿಂದ ಮಣ್ಣು ಗೋರಿ ಬುಟ್ಟಿಗೆ ತುಂಬುತ್ತಿದ್ದಳು. ಎದೆ ಬಿಡಿಸಿಕೊಂಡ ಮೇಲೆ ಮೊದಲ ಪೂರ್ತಿ ಉಸಿರು ಒಳಗೆ ಹೋದಾಗ ಪಕ್ಕೆಲುಬು ಮುರಿದದ್ದು ಗೊತ್ತಾಯಿತು.

ಎಚ್ಚರ ತಪ್ಪಬಾರದೆಂದು ಅವಳು ಏನಾದರೂ ಕೇಳುತ್ತಲೇ ಇದ್ದಳು. ನಿನಗೆ ಎಷ್ಟು ಮಕ್ಕಳು, ಊರಲ್ಲಿ ಮನೆ ಎಲ್ಲಿ. ಒಂದು ಹಿಡಿ ಉಸುಕು ತೋರಿಸಿ, ಇದು ಹೊಳೆ ತಂದದ್ದೇ ಎಂದು ಕೇಳಿದಳು. ಹೌದು ಅಂದೆ.

"ನಮ್ಮ ಮಾವ ಇದ್ದಾಗ್ಲೂ ಹೊಳಿ ಇಲ್ಲೀತನಾ ಬಂದಿಲ್ಲ" ಅಂದಳು.

ಮೇಲಿನ ಉಸುಕು ಬರೀ ಒಂದು ಮೊಳ ಕೆಳಗಿದೆ, ಅದು ಬಹಳ ಹಳೆಯದಿರಲಿಕ್ಕಿಲ್ಲ ಎಂಬುದು ನನ್ನ ನಾಲಗೆಯ ತುದಿಗೆ ಬಂದಿತ್ತು. ಅಳೆಯುವ ಮೊದಲೇ ಹೇಳಬಾರದೆಂಬ ಅಭ್ಯಾಸ. ಸುಮ್ಮನಾದೆ.

ಕಾಲು ಇನ್ನೂ ಹೂತಿದ್ದಾಗಲೇ ಮೇಲಿನವರು ಜಗ್ಗಿ ಎಳೆಯಲು ನೋಡಿದರು. ಅವಳು ಬಿಡಲಿಲ್ಲ. ಪಾದದ ಬೆರಳಿನ ತನಕ ಬಿಡಿಸಿ, ಆಮೇಲೆ ಕಂಬಳಿಯಲ್ಲಿ ಕೂರಿಸಿ ಮೇಲೆತ್ತಿಸಿದಳು. ಅವಳೂ ಮೇಲೆ ಬಂದು ಸ್ವಲ್ಪ ಹೊತ್ತಿಗೆ ಎದುರು ಗೋಡೆಯೂ ಕುಸಿದು, ನೊಗ ಮುರಿದ ಸದ್ದು ಕೇಳಿತು. ಸರ್ ನೆಲದ ಮೇಲೆ ಕುಳಿತುಬಿಟ್ಟಿದ್ದರು. ಆಂಬುಲೆನ್ಸಿನಲ್ಲಿ ರಾಮದುರ್ಗಕ್ಕೆ ಹೋದೆವು. ಎರಡು ಪಕ್ಕೆಲುಬು, ಎಡಪಾದದ ಹರಡಿನ ಕೀಲು ಮುರಿದಿದ್ದವು. ಮೂರು ತಿಂಗಳು ಮನೆಯಲ್ಲೇ ಉಳಿದೆ.

ಅಷ್ಟೆಲ್ಲ ಮಾಡಿ ಮೂರನೆಯ ಕೊಳವೆ ಮಣ್ಣಿನಡಿಯಲ್ಲೇ ಹೋಯಿತು. ಮೊದಲಿನ ಎರಡನ್ನು ಸರ್ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬರಲು ವರ್ಷದ ಹತ್ತಿರವಾಯಿತು. ನಡುವಿನ ಪದರ ಬಹಳ ಶತಮಾನಗಳ ಹಿಂದಿನದು. ಮೇಲಿನದು ಹಾಗಿರಲಿಲ್ಲ. ಅಕ್ಕನ ಮಾವನ ಅಜ್ಜ ಮುತ್ತಜ್ಜರ ಕಾಲದ್ದು ಅನ್ನಬಹುದಾದಷ್ಟು ಈಚಿನದು.

ಕಾಗದ ಹಿಡಿದುಕೊಂಡು ನಾನೇ ಹೋದೆ. ಗುಂಡಿ ಮುಚ್ಚಿ ಜೋಳ ಬಿತ್ತಿದ್ದರು. ಅದರಾಚೆ, ಅದೇ ದಿಬ್ಬದ ಮೇಲೆ ಗೂಟ ಹೊಡೆದು ದಾರ ಕಟ್ಟಿದ್ದರು. ಊರೊಳಗಿನ ಮನೆಗೆ ಈಚಿನ ನೆರೆಯಲ್ಲಿ ನೀರು ಹೊಕ್ಕಿತ್ತು, ಹೊಳೆ ಮುಟ್ಟದ ಜಾಗ ಎಂದು ಅಕ್ಕ ಇಲ್ಲಿ ಹೊಸ ಮನೆ ಕಟ್ಟಿಸುವವಳಿದ್ದಳು. ಬುನಾದಿಗೆ ಕಲ್ಲು ಬಂದು ಬಿದ್ದಿದ್ದವು.

ತೋಟದ ಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಚಹ ಕೊಟ್ಟಳು. ಲೋಟ ಮುಟ್ಟುವ ಮೊದಲೇ ಎಲ್ಲ ಹೇಳಿದೆ. ಅವಳು ಗೂಟಗಳ ಕಡೆ ನೋಡಿದಳು.

"ಮತ್ತ ಬರತೈತೇನು?"

"ಬರಬಹುದ್ರಿ. ಯಾವಾಗ ಅಂತ ನನಗ ಹೇಳಾಕ ಆಗೂದಿಲ್ಲ."

"ಗುಂಡ್ಯಾಗ ಇದ್ದಾಗ ಗೊತ್ತಿತ್ತೇನ ಇದು?"

ಸುಳ್ಳು ಹೇಳಲು ಆಗಲಿಲ್ಲ. ಪೂರ್ತಿ ಗೊತ್ತಿರಲಿಲ್ಲ, ಆದರೆ ಅನುಮಾನ ಇತ್ತು ಎಂದೆ.

"ನಾ ಆವತ್ತ ನಿನಗ ನೆಲದ ಸೀಳ ತೋರಿಸಿದ್ನಲ್ಲ, ಅದೂ ಅನುಮಾನನ ಇತ್ತು, ಆದ್ರೂ ಹೇಳಿದ್ನಿ" ಎಂದಳು. ದನಿ ಏರಿಸಲಿಲ್ಲ. ಎದ್ದು ಒಳಗೆ ಹೋದಳು. ಅವಳು ಹೊರಗೆ ಬರುವ ತನಕ ನಾನು ಆರಿದ ಚಹ ಹಿಡಿದುಕೊಂಡು ಕುಳಿತಿದ್ದೆ. ಆವತ್ತು ಗುಂಡಿಯಲ್ಲಿ ಆದದ್ದಕ್ಕಿಂತ ಈ ಕೆಲವು ನಿಮಿಷಗಳನ್ನು ನೆನೆಸಿದರೆ ನನಗೆ ಈಗಲೂ ಹೆಚ್ಚು ಕಷ್ಟವಾಗುತ್ತದೆ.

ಬರುವಾಗ ಅವಳ ಕೈಯಲ್ಲಿ ಮನೆ ಕಟ್ಟುವ ಗೌಂಡಿಯವರು ಮಟ್ಟ ನೋಡುವ ನೀರಿನ ಪೈಪಿತ್ತು. ರಸ್ತೆಯಾಚೆ ಅವಳದೇ ಇನ್ನೊಂದು ತುಂಡು ನೆಲವಿತ್ತು. ಕಲ್ಲು ನೆಲ, ಆದರೆ ಏರಿನ ಮೇಲಿತ್ತು. ಒಂದು ತುದಿಯನ್ನು ನನ್ನ ಕೈಗೆ ಕೊಟ್ಟು, ಗುಂಡಿ ಇದ್ದ ಕಡೆ ಮೇಲಿನ ಉಸುಕು ಸಿಕ್ಕ ಮಟ್ಟವನ್ನು ಅಂದಾಜು ಮಾಡಿ ಅಲ್ಲಿಗೆ ಹಿಡಿಯಲು ಹೇಳಿ, ತಾನು ಇನ್ನೊಂದು ತುದಿ ಹಿಡಿದು ಏರು ಹತ್ತಿದಳು. ಪೈಪು ಸಾಲದೆ ನಾಲ್ಕು ಸಲ ಜಾಗ ಬದಲಿಸಿ ಅಳೆದೆವು. ಆ ಉಸುಕಿಗಿಂತ ಅವಳ ನೆಲ ಎರಡಾಳಿನಷ್ಟು ಮೇಲಿತ್ತು.

"ಸಾಕಾಕ್ಕೈತೇನು?" ಎಂದು ಮೇಲಿನಿಂದ ಕೇಳಿದಳು.

ಉಸುಕಿನ ಮೇಲೆ ನೀರು ಎಷ್ಟು ಆಳ ನಿಂತಿತ್ತೆಂದು ಮಣ್ಣು ಹೇಳುವುದಿಲ್ಲ, ನನಗೆ ತಿಳಿದಷ್ಟರಲ್ಲಿ ಸಾಕು, ಹೊಳೆಯ ಬಗ್ಗೆ ಮಾತು ಕೊಡಲಾರೆ ಎಂದು ಅಷ್ಟನ್ನೂ ಬಿಡಿಸಿ ಹೇಳಿದೆ. ಅವಳು ಪೈಪಿನ ನೀರು ಚೆಲ್ಲಿ ಸುತ್ತಿಕೊಂಡು ಕೆಳಗೆ ಬಂದಳು, ಬುನಾದಿಯ ಕಲ್ಲುಗಳನ್ನು ರಸ್ತೆ ದಾಟಿಸಲು ಟ್ರ್ಯಾಕ್ಟರ್ ಯಾರದು ಸಿಗುತ್ತದೆ ಎಂದು ಯೋಚಿಸುತ್ತ.