ಎಡಗಡೆ ಅಣ್ಣ, ಬಲಗಡೆ ನಾನು

ಕಳೆದ ವಾರ ಒಂದೇ ಸಂಜೆಯಲ್ಲಿ ಹದಿನೇಳು ಸಲ ಬೈಕನ್ನು ಗೋಡೆಗೆ ಗುದ್ದಿದೆ. (ಗಾಬರಿಯಾಗಬೇಡಿ, ಆಸ್ಪತ್ರೆಯಿಂದ ಬರೆಯುತ್ತಿಲ್ಲ.)

ಬೈಕು ಇದ್ದದ್ದು ಅಂಗೈಯಗಲದ ಪರದೆಯೊಳಗೆ. ಅಲಮಾರಿ ಕ್ಲೀನ್ ಮಾಡುವಾಗ ಹಳೆಯ ವಿಡಿಯೊ ಗೇಮ್ ಸಿಕ್ಕಿತ್ತು. ಕೈಯಲ್ಲಿ ಹಿಡಿದು ಆಡುವಂಥದ್ದು, ಒಳಗೆ ಬೈಕ್ ರೇಸ್. ಬ್ಯಾಟರಿ ಶೆಲ್ ಸೋರಿ ತುಕ್ಕು ಹಿಡಿದಿದ್ದ ಅದನ್ನು ಇಲ್ಲೇ ಬಳ್ಳಾರಿಯ ಕೌಲ್ ಬಜಾರಿನ ಮೊಬೈಲ್ ರಿಪೇರಿ ಅಂಗಡಿಯ ಖಾದರ್ ಭಾಯ್ ಎರಡು ದಿನದಲ್ಲಿ ಬದುಕಿಸಿಕೊಟ್ಟರು. ಮನೆಗೆ ತಂದವಳೇ ಕುಕ್ಕರ್ ಇಡುವುದನ್ನೂ ಮರೆತು ಆಡಲು ಕೂತೆ. ಮನೆಯಲ್ಲಿ ನಾನೊಬ್ಬಳೇ ಎನ್ನುವುದು ಈ ಅಂಕಣ ಓದುವ ನಿಮಗೆ ಗೊತ್ತಲ್ಲ, ಊಟ ತಡವಾದರೆ ಕೇಳುವವರಿಲ್ಲ.

ಬೈಕು ಹೊರಟಿದ್ದೇನೋ ಜೋರಾಗಿಯೇ. ಆದರೆ ತಿರುವು ಬಂದರೆ ತಿರುಗದು. ಸೀದಾ ಗೋಡೆಗೆ.

ಮರುದಿನ ಅಂಗಡಿಗೆ ಜಗಳಕ್ಕೇ ಹೋದೆ. ಎಡಗಡೆಯ ಬಟನ್ ಕೆಲಸ ಮಾಡುತ್ತಿಲ್ಲ, ಇದೆಂಥ ರಿಪೇರಿ ಎಂದು ಕೇಳಿದೆ. ಖಾದರ್ ಭಾಯ್ ಗೇಮಿನ ಡಬ್ಬಿ ಇಸಿದುಕೊಂಡು ಮೂರು ರೌಂಡ್ ಹೊಡೆದರು. ಒಂದು ಗೋಡೆಯನ್ನೂ ಮುಟ್ಟಲಿಲ್ಲ.

"ಬಟನ್ ಬರಾಬರ್ ಐತ್ರಿ ಅಕ್ಕಾ. ನಿಮ್ಮ ಎಡಗೈಗೇ ರೂಢಿ ಇಲ್ಲ."

ರೂಢಿ ಎಲ್ಲಿಂದ ಬರಬೇಕು? ಎಡಗಡೆ ಯಾವಾಗಲೂ ಅಣ್ಣ ಇರುತ್ತಿದ್ದ.

ನಾವು ಕುರುಗೋಡಿನಲ್ಲಿ ಶಾಲೆಗೆ ಹೋಗುತ್ತಿದ್ದಾಗ ಅಪ್ಪ ತಂದುಕೊಟ್ಟ ಡಬ್ಬಿ ಅದು. ಡಬ್ಬಿ ಒಂದು, ಮಕ್ಕಳು ಇಬ್ಬರು. ಮೊದಲ ದಿನವೇ ಜುಟ್ಟು ಹಿಡಿದು ಹೊಡೆದಾಡಿದೆವು. ಇಬ್ಬರೂ ಆಡಬೇಕು, ಇಲ್ಲದಿದ್ದರೆ ಒಲೆಗೆ ಹಾಕುತ್ತೇನೆ ಎಂದು ಅವ್ವ ಫರ್ಮಾನು ಹೊರಡಿಸಿದಳು. ಪಾಳಿ ಕಾಯುವ ತಾಳ್ಮೆ ಯಾರಿಗಿತ್ತು? ಡಬ್ಬಿಯನ್ನೇ ಪಾಲು ಮಾಡಿಕೊಂಡೆವು. ಎಡಗಡೆಯ ಬಟನ್ ಅಣ್ಣನದು, ತಿರುಗಿಸುವ ಕೆಲಸ. ಬಲಗಡೆಯದು ನನ್ನದು, ಆಕ್ಸಿಲರೇಟರ್. ಭುಜಕ್ಕೆ ಭುಜ ತಾಗಿಸಿ ಕೂತು ಇಬ್ಬರೂ ಒಂದೇ ಬೈಕ್ ಓಡಿಸಿದೆವು. ತಿರುವು ಬರುವ ಮುಂಚೆ ಅಣ್ಣ "ಬಿಡು" ಎನ್ನುತ್ತಿದ್ದ, ನಾನು ಹೆಬ್ಬೆರಳು ಎತ್ತುತ್ತಿದ್ದೆ. ಒಬ್ಬಳೇ ಆಡುವುದನ್ನು ನಾನು ಕಲಿಯಲೇ ಇಲ್ಲ.

ಆ ಅಣ್ಣ ನಿಮಗೂ ಗೊತ್ತು. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ಅವನನ್ನು ಓದಿ ನೀವು ನಕ್ಕಿದ್ದೀರಿ. ಸಿರುಗುಪ್ಪದಲ್ಲಿ ಗಣಿತದ ಮೇಷ್ಟ್ರು. ಅವನು ಬೈಕ್ ಹತ್ತಿದರೆ ಭತ್ತ ಹೇರಿದ ಟ್ರ್ಯಾಕ್ಟರೂ ಹಾರ್ನ್ ಹೊಡೆದು ಮುಂದೆ ಹೋಗುತ್ತದೆ, ಇಷ್ಟು ಪುಕ್ಕಲನನ್ನು ಎಲ್ಲೂ ಕಂಡಿಲ್ಲ ಎಂದು ಬರೆದಿದ್ದೆ. ಫೋನ್ ಮಾಡಿ ಮೆಚ್ಚಿದವರೆಷ್ಟು ಜನ! ಯಾರೋ ಆ ಕಟಿಂಗನ್ನು ಅವನ ಸ್ಟಾಫ್ ರೂಮಿನಲ್ಲಿ ಅಂಟಿಸಿದರು. ಮಕ್ಕಳು ಕ್ಲಾಸಿನಲ್ಲಿ ಹಾರ್ನಿನ ಸದ್ದು ಮಾಡತೊಡಗಿದರು. ಅಣ್ಣ ಬೈಕ್ ಮಾರಿದ. ನನ್ನ ಜೊತೆ ಮಾತು ಬಿಟ್ಟ.

ಅವ್ವ ಅಪ್ಪ ಈಗ ಇಲ್ಲ. ಎರಡು ವರ್ಷದಿಂದ ಯುಗಾದಿಗೆ ಹೋಳಿಗೆ ಮಾಡಿಲ್ಲ. (ಒಬ್ಬಳಿಗೆ ಎಷ್ಟಂತ ಬೇಳೆ ಬೇಯಿಸುವುದು?) ಸಿರುಗುಪ್ಪದ ಬೋರ್ಡಿನ ಬಸ್ಸು ಎದುರಾದರೆ ಮುಖ ತಿರುಗಿಸುತ್ತೇನೆ. ಬೇರೆಯವರ ಒಂಟಿತನದ ಬಗ್ಗೆ ಬೇಕಾದಷ್ಟು ಬರೆದಿದ್ದೇನೆ. ನನಗೂ ಅದು ಹತ್ತಿಕೊಂಡಿದೆ, ಹೇಳಲು ನಾಚಿಕೆಯಾಗುತ್ತಿತ್ತು ಅಷ್ಟೆ.

ಖಾದರ್ ಭಾಯ್ ಅಂಗಡಿಯಿಂದ ಬಂದ ಸಂಜೆ ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ. ತಪ್ಪಾಯಿತು ಎನ್ನಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ.

"ಅಣ್ಣ, ನಮ್ಮ ಡಬ್ಬಿ ಸಿಕ್ಕೈತಿ. ನನಗ ತಿರುಗಸಾಕ ಬರವಲ್ದು."

ಆ ಕಡೆ ಟಿವಿಯ ಸದ್ದು ತಗ್ಗಿತು.

"ಇದನ್ನೂ ಪೇಪರಿನ್ಯಾಗ ಬರೀತೀಯೇನು?" ಎಂದ.

ಇಲ್ಲ ಎಂದೆ.

"ಬರಿ. ಆದ್ರ ಈ ಸಲ ಪೂರಾ ಬರಿ." ಫೋನ್ ಇಟ್ಟ.

ಪೂರಾ ಎಂದರೆ ಏನೆಂದು ನನಗೆ ಗೊತ್ತು. ಕಾಲೇಜಿನ ದಿನಗಳಲ್ಲಿ ಕುರುಗೋಡಿನಿಂದ ಬಳ್ಳಾರಿಗೆ ಬರುವಾಗ ನಾವಿಬ್ಬರೂ ಬೈಕಿನಿಂದ ಬಿದ್ದಿದ್ದೆವು. ಅವನು ಓಡಿಸುತ್ತಿದ್ದ, ನಾನು ಹಿಂದೆ. ನನ್ನ ಮೊಣಕೈಗೆ ಆರು ಹೊಲಿಗೆ ಬಿದ್ದವು. ಇನ್ನೂ ಜೋರು ಹೋಗು ಎಂದು ಅವನ ಬೆನ್ನಿಗೆ ಗುದ್ದುತ್ತಿದ್ದವಳು ನಾನೇ. ಅವ್ವನ ಮುಂದೆ ತಪ್ಪು ತನ್ನದೇ ಎಂದು ಬೈಸಿಕೊಂಡವನು ಅವನು. ಅಂದಿನಿಂದ ಅಣ್ಣನ ಬೈಕು ಟ್ರ್ಯಾಕ್ಟರಿಗಿಂತ ನಿಧಾನ. ಇದು ಗೊತ್ತಿದ್ದೂ ಬರೆಯಲಿಲ್ಲ. ಬರೆದಿದ್ದರೆ ನೀವು ನಗುತ್ತಿರಲಿಲ್ಲ, ನನಗೆ ನಿಮ್ಮ ನಗು ಬೇಕಿತ್ತು. ಅಂಕಣ ಬರೆಯುವವರ ಕಳ್ಳತನ ಹೀಗೇ ಇರುತ್ತದೆ, ಬರೆದದ್ದರಲ್ಲಿ ಹುಡುಕಿದರೂ ಒಂದು ಸುಳ್ಳೂ ಸಿಗುವುದಿಲ್ಲ.

ಡಬ್ಬಿ ಟೇಬಲ್ ಮೇಲಿದೆ. ಬಲಗಡೆ ನಾನು ಹಿಡಿದುಕೊಳ್ಳಬಲ್ಲೆ.

ಪೂರಾ ಬರದೀನಿ, ಅಣ್ಣ. ಭಾನುವಾರ ಬರ್ಲೇನು?